ರೋಮಿನ ಮಸೀದಿಯೂ ಕೊಲ್ಲಿಯ ಇಗರ್ಜಿಯೂ

ಸಂತ ಪೇತ್ರ ಹಾಗೂ ಸಂತ ಪೌಲರ ರಕ್ತದಿಂದ ಪುನೀತವಾದ ರೋಮ್ ನಗರದಲ್ಲಿ ಒಂದು ಬೃಹತ್ ಮಸೀದಿಯಿದೆ ಎಂಬುದು ನಮ್ಮ ಸಮಾಜದ ಹಲವರಿಗೆ ತಿಳಿದಿರಲಾರದು. ತಿಳಿದವರಲ್ಲಿಯೂ ಕೆಲವರಿಗೆ ಅದು ನುಂಗಲಾರದ ತುತ್ತು. ಕ್ರೈಸ್ತ ಜಗತ್ತಿನ ಹೃದಯದಲ್ಲಿ ಅದಕ್ಕೆ ಎಡೆ ಕೊಟ್ಟದ್ದೇಕೆ ಎಂದು ಅವರು ಕೇಳುತ್ತಾರೆ. ಪ್ರಶ್ನೆ ಪ್ರಾಮಾಣಿಕವಾದುದು, ಉತ್ತರವೂ ಪ್ರಾಮಾಣಿಕವಾಗಿಯೇ ಇರಬೇಕು.

ನಗರದ ಉತ್ತರ ಭಾಗದಲ್ಲಿ, ಟೈಬರ್ ನದಿಗೆ ಅನತಿ ದೂರದಲ್ಲಿ, ಸುಮಾರು 30,000 ಚದರ ಮೀಟರ್ ವಿಸ್ತಾರದ ಭೂಮಿಯಲ್ಲಿ ಇಟಲಿಯ ಇಸ್ಲಾಮೀ ಸಾಂಸ್ಕೃತಿಕ ಕೇಂದ್ರ ನೆಲೆಗೊಂಡಿದೆ. ಭೂಮಿಯನ್ನು 1970ರ ದಶಕದಲ್ಲಿ ರೋಮ್ ನಗರಸಭೆಯೇ ಒದಗಿಸಿತು. ಹಣದ ದೊಡ್ಡ ಪಾಲು ಸೌದಿ ಅರೇಬಿಯಾದಿಂದ ಬಂದಿತು. ಸ್ಥಳೀಯರ ಆಕ್ಷೇಪಣೆಗಳಿಂದ ಕಾರ್ಯ ವರ್ಷಗಟ್ಟಲೆ ಕುಂಟಿ, 1984ರಲ್ಲಿ ಶಿಲಾನ್ಯಾಸವೂ 1995ರ ಜೂನ್ 21ರಂದು ಉದ್ಘಾಟನೆಯೂ ನಡೆದವು. ರೋಮಿನಲ್ಲೇ ಹುಟ್ಟಿ ಬೆಳೆದ ಪಾವೊಲೊ ಪೋರ್ತೊಗೇಸಿ ಅದರ ಪ್ರಮುಖ ಶಿಲ್ಪಿ. ಒಳಗಿನ ಕಂಬಗಳು ಮರದ ರೆಂಬೆಗಳಂತೆ ಕವಲೊಡೆದು ಮೇಲ್ಛಾವಣಿಯನ್ನು ಹೊತ್ತು ನಿಂತಿವೆ. ಪ್ರಾರ್ಥನಾಮಂದಿರದ ಜೊತೆಗೆ ಗ್ರಂಥಾಲಯ, ಸಭಾಭವನಗಳೂ ಅಲ್ಲಿವೆ.

1929ರ ಲ್ಯಾಟೆರನ್ ಒಪ್ಪಂದಗಳಲ್ಲಿ ರೋಮಿನ ಪವಿತ್ರ ಸ್ವರೂಪಕ್ಕೆ ಕುಂದು ಬಾರದಂತೆ ನೋಡಿಕೊಳ್ಳುವ ಹೊಣೆಯನ್ನು ಇಟಲಿ ಸರಕಾರ ಹೊತ್ತಿತ್ತು. ಆ ಮಾತನ್ನೇ ಹಿಡಿದು ಧರ್ಮಸಭೆ ಮಸೀದಿ ಬೇಡವೆನ್ನಬಹುದಿತ್ತು. ಆದರೆ ಪೋಪ್ ಆರನೆಯ ಪೌಲರು ಅಡ್ಡಿಪಡಿಸಲಿಲ್ಲ. ಅನ್ಯಧರ್ಮಗಳೊಂದಿಗಿನ ಸಂಬಂಧವನ್ನು ಕುರಿತೂ ಧಾರ್ಮಿಕ ಸ್ವಾತಂತ್ರ್ಯವನ್ನು ಕುರಿತೂ 1965ರಲ್ಲಿ ದ್ವಿತೀಯ ವ್ಯಾಟಿಕನ್ ಮಹಾಸಭೆ ಹೊರಡಿಸಿದ ಘೋಷಣೆಗಳಿಗೆ ಸಹಿ ಹಾಕಿದವರು ಅವರೇ. ಸ್ವಂತ ಊರಿನಲ್ಲಿ ಆ ಮಾತನ್ನು ನಡೆಸಿಕೊಡದಿದ್ದರೆ ಲೋಕಕ್ಕೆ ಬೋಧಿಸುವ ನೈತಿಕ ಹಕ್ಕು ಎಲ್ಲಿ ಉಳಿಯುತ್ತಿತ್ತು?

ಶುಕ್ರವಾರ ಮಧ್ಯಾಹ್ನ ಆ ಮಸೀದಿಗೆ ಮೊರೊಕ್ಕೊ, ಈಜಿಪ್ಟ್, ಸೆನೆಗಲ್, ಬಾಂಗ್ಲಾದೇಶಗಳಿಂದ ಹೊಟ್ಟೆಪಾಡಿಗಾಗಿ ಬಂದವರು ಸೇರುತ್ತಾರೆ. ಹೊರಗೆ ತಮ್ಮ ನಾಡಿನ ತಿಂಡಿತಿನಿಸುಗಳ ಸಂತೆ ನೆರೆಯುತ್ತದೆ. ವಾರವಿಡೀ ಪರಕೀಯರಾಗಿ ದುಡಿದವರು ಅಲ್ಲಿ ತಮ್ಮ ಭಾಷೆಯಲ್ಲಿ ಮಾತನಾಡಿ, ಊರಿನ ಸುದ್ದಿ ಕೇಳಿ, ಮನಸ್ಸು ಹಗುರ ಮಾಡಿಕೊಂಡು ಮರಳುತ್ತಾರೆ.

ಈ ಚಿತ್ರ ನಮಗೆ ಅಪರಿಚಿತವೇ? ದುಬೈ, ಕುವೈತ್, ಬಹ್ರೈನ್‌ಗಳಿಗೆ ಮಕ್ಕಳನ್ನು ಕಳುಹಿಸಿದ ಕರಾವಳಿಯ ಪ್ರತಿಯೊಂದು ಕಥೋಲಿಕ ಕುಟುಂಬಕ್ಕೂ ಇದು ಗೊತ್ತು. ಅಲ್ಲಿಯ ರಜಾದಿನಕ್ಕೆ ಹೊಂದಿಕೊಂಡು ಶುಕ್ರವಾರವೇ ಭಾನುವಾರದ ಬಲಿಪೂಜೆಯಲ್ಲಿ ಭಾಗವಹಿಸಿದವರು ನಮ್ಮವರು. ಇಗರ್ಜಿಯ ಅಂಗಳದಲ್ಲಿ ಕೊಂಕಣಿ ಕೇಳಿ ಕಣ್ಣು ತುಂಬಿಕೊಂಡವರು, ಮರಳುಗಾಡಿನಲ್ಲಿಯೂ ಮೊಂತಿ ಹಬ್ಬವನ್ನು ಮರೆಯದವರು ನಮ್ಮವರು. ಆ ಇಗರ್ಜಿಗಳು ನಿಂತ ನೆಲ ಯಾರದು? ಬಹ್ರೈನ್‌ನ ಪವಿತ್ರ ಹೃದಯದ ದೇವಾಲಯಕ್ಕೆ 1939ರಲ್ಲಿ ಸ್ಥಳ ಕೊಟ್ಟವರು ಅಲ್ಲಿಯ ಮುಸ್ಲಿಂ ದೊರೆ. 1967ರಲ್ಲಿ ತೆರೆದ ದುಬೈಯ ಸಂತ ಮೇರಿ ದೇವಾಲಯಕ್ಕೆ ಭೂಮಿ ನೀಡಿದವರು ಶೇಖ್ ರಶೀದ್. ಬಹ್ರೈನ್‌ನ ಅವಾಲಿಯಲ್ಲಿ 2021ರ ಡಿಸೆಂಬರ್ 10ರಂದು ಪ್ರತಿಷ್ಠಾಪನೆಗೊಂಡ ಅರೇಬಿಯಾ ಮಾತೆಯ ಪ್ರಧಾನಾಲಯದ ನೆಲವೂ ಅರಸರ ಕೊಡುಗೆ.

ಚಿತ್ರದ ಇನ್ನೊಂದು ಮಗ್ಗುಲನ್ನು ನಾವು ಮುಚ್ಚಿಡುವುದಿಲ್ಲ. ರೋಮಿನ ಮಸೀದಿಗೆ ಹಣ ಕೊಟ್ಟ ಸೌದಿ ಅರೇಬಿಯಾದಲ್ಲಿ ಇಂದಿಗೂ ಒಂದು ಬಹಿರಂಗ ಇಗರ್ಜಿಯಿಲ್ಲ. ಅಲ್ಲಿರುವ ನಮ್ಮವರು ಮನೆಯ ಬಾಗಿಲು ಹಾಕಿಕೊಂಡೇ ಜಪಸರ ಹೇಳಬೇಕು. ಈ ನೋವನ್ನು ಪೋಪ್ ಎರಡನೆಯ ಜಾನ್ ಪಾಲರು ಮಸೀದಿಯ ಉದ್ಘಾಟನೆಯ ದಿನವೇ ತಮ್ಮ ಸಾರ್ವಜನಿಕ ದರ್ಶನದಲ್ಲಿ ಆಡಿದರು. ರೋಮಿನಲ್ಲಿ ಮುಸಲ್ಮಾನರಿಗೆ ಪ್ರಾರ್ಥನಾಸ್ಥಳ ದೊರೆತುದು ಧಾರ್ಮಿಕ ಸ್ವಾತಂತ್ರ್ಯದ ಕುರುಹೆಂದು ಸ್ವಾಗತಿಸಿದರು; ಕೆಲವು ಇಸ್ಲಾಮೀ ದೇಶಗಳಲ್ಲಿ ಅಂಥ ಕುರುಹು ಕಾಣದಿರುವುದು ವಿಷಾದಕರವೆಂದೂ ಹೇಳಿದರು. ಗಮನಿಸಬೇಕಾದ ಅಂಶವೆಂದರೆ, ಅವರು ನ್ಯಾಯವನ್ನು ಕೇಳಿದರೇ ಹೊರತು, ಅದು ದೊರೆಯುವವರೆಗೆ ರೋಮಿನ ಬಾಗಿಲು ಮುಚ್ಚಿರಲಿ ಎನ್ನಲಿಲ್ಲ.

ಅವರು ಮೊದಲು ಕೊಡಲಿ, ಆಮೇಲೆ ನಾವು ಕೊಡೋಣ ಎಂಬ ಮಾತು ಸಂತೆಯ ವ್ಯವಹಾರಕ್ಕೆ ಸಲ್ಲಬಹುದು, ಕ್ರೈಸ್ತ ಜೀವನಕ್ಕೆ ಸಲ್ಲದು. ಇತರರು ನಮಗೆ ಏನು ಮಾಡಬೇಕೆಂದು ಬಯಸುತ್ತೇವೆಯೋ ಅದನ್ನು ನಾವು ಅವರಿಗೆ ಮಾಡಬೇಕೆಂಬುದು ಯೇಸುಸ್ವಾಮಿಯ ಬೋಧನೆ. ಅವರು ನಮಗೆ ಏನು ಮಾಡಿದ್ದಾರೆಂದು ಲೆಕ್ಕ ನೋಡಿ ಕೊಡಿರೆಂದು ಅವರು ಹೇಳಲಿಲ್ಲ. ಅದಲ್ಲದೆ, ರೋಮಿನ ಹೋಟೆಲಿನಲ್ಲಿ ಪಾತ್ರೆ ತೊಳೆಯುವ ಬಾಂಗ್ಲಾದೇಶದ ಯುವಕ ರಿಯಾದಿನ ಕಾನೂನನ್ನು ಬರೆದವನಲ್ಲ. ಅದಕ್ಕಾಗಿ ಅವನನ್ನು ಶಿಕ್ಷಿಸುವುದು ಯಾವ ನ್ಯಾಯ?

ರೋಮಿನ ಕಥೆ ಅಲ್ಲಿಗೇ ಸುಖಾಂತವಾಗಿಲ್ಲ. ಒಂದು ಮಸೀದಿ ಎಲ್ಲರಿಗೂ ಸಾಲದು. ದೂರದ ಬಡಾವಣೆಗಳ ವಲಸಿಗರು ಅಂಗಡಿ, ಗ್ಯಾರೇಜುಗಳಲ್ಲಿ ಪ್ರಾರ್ಥಿಸುತ್ತಾರೆ. ಕಟ್ಟಡ ನಿಯಮಗಳ ಹೆಸರಿನಲ್ಲಿ ಅಂಥ ಹಲವು ಸ್ಥಳಗಳನ್ನು ಮುಚ್ಚಿದಾಗ, 2016ರ ಅಕ್ಟೋಬರಿನಲ್ಲಿ ನೂರಾರು ಮಂದಿ ಕೊಲೋಸಿಯಮ್ಮಿನ ಎದುರು ಬಯಲಿನಲ್ಲಿ ನಮಾಜು ಮಾಡಿ ಪ್ರತಿಭಟಿಸಿದರು. ಶುಭ ಶುಕ್ರವಾರದಂದು ಪೋಪರ ಶಿಲುಬೆಯ ಹಾದಿ ನಡೆಯುವ ಸ್ಥಳವದು. ಆದಿ ಕ್ರೈಸ್ತರಿಗೂ ಒಂದು ಕಾಲದಲ್ಲಿ ಅದೇ ನಗರದಲ್ಲಿ ಖಾಸಗಿ ಮನೆಗಳೇ ದೇವಾಲಯಗಳಾಗಿದ್ದವು ಎಂಬುದನ್ನು ನಾವು ಮರೆಯಬಾರದು.

ನಾವು ಇಷ್ಟೆಲ್ಲ ಹೇಳುವುದು ರೋಮಿನವರಿಗಾಗಿ ಅಲ್ಲ. ನಮ್ಮ ಊರಿನಲ್ಲಿ ಬೇರೆ ಧರ್ಮದವರು ಪ್ರಾರ್ಥನಾಮಂದಿರ ಕಟ್ಟಲು ಹೊರಟು, ಪಂಚಾಯತಿನ ಮುಂದೆ ಅರ್ಜಿ ಬಂದಾಗ ನಮ್ಮ ನಿಲುವೇನು? ವಿರೋಧಕ್ಕೆ ಸಹಿ ಕೇಳಿಕೊಂಡು ಬಂದವರಿಗೆ ನಾವು ಕೊಡುವ ಉತ್ತರವೇನು? ಅಲ್ಪಸಂಖ್ಯಾತರಾದ ನಮಗೆ ಇಗರ್ಜಿಯ ಅನುಮತಿಗಾಗಿ ಕಚೇರಿಯಿಂದ ಕಚೇರಿಗೆ ಅಲೆಯುವ ಕಷ್ಟ ಗೊತ್ತಿರಬೇಕಾದದ್ದೇ. ಕೊಲ್ಲಿಯಿಂದ ಮರಳಿದ ಹಿರಿಯರು ತಾವು ಯಾರ ನೆಲದಲ್ಲಿ ಬಲಿಪೂಜೆ ಕಂಡೆವೆಂಬುದನ್ನು ಮನೆಯ ಮಕ್ಕಳಿಗೆ ತಿಳಿಸಲಿ. ಸಂಜೆಯ ಕುಟುಂಬ ಪ್ರಾರ್ಥನೆಯಲ್ಲಿ ಪರದೇಶದಲ್ಲಿರುವ ನಮ್ಮವರನ್ನು ನೆನೆಯುವಾಗ, ನಮ್ಮ ನಡುವೆ ಪರದೇಶಿಗಳಾಗಿರುವವರನ್ನೂ ನೆನೆಯೋಣ.