ಹಿಮವೂ ಹೂಳೂ

ಕುರ್ಲಾದಲ್ಲಿ ಕುಳಿತು ಹಿಮ ತೆಗೆಯುವ ವಿಚಾರ ಬರೆಯುವುದೆಂದರೆ, ಕೆರೆಯೇ ಇಲ್ಲದ ಊರಿನಲ್ಲಿ ಈಜು ಕಲಿಸಲು ಹೊರಟಂತೆ ಎಂದು ವಾಚಕರು ನಗಬಹುದು. ನಗಲಿ. ಆದರೆ ಮಗನೋ ಮಗಳೋ ಅಮೆರಿಕೆಯಲ್ಲೋ ಕೆನಡಾದಲ್ಲೋ ನೆಲಸಿರುವ ಮನೆಗಳು ನಮ್ಮವರಲ್ಲಿ ಈಗ ಕಡಮೆಯೇನೂ ಇಲ್ಲ. ಮೊಮ್ಮಗುವನ್ನು ನೋಡಿಕೊಳ್ಳಲೆಂದು ಅಲ್ಲಿಗೆ ಹೋದ ತಾಯಿತಂದೆಗಳು ಚಳಿಗಾಲವನ್ನೂ ಅಲ್ಲಿಯೇ ಕಳೆಯಬೇಕಾಗುವುದುಂಟು. ಬೆಳಿಗ್ಗೆ ಎದ್ದು ನೋಡಿದರೆ ಬಾಗಿಲ ಮುಂದೆ ಮೊಣಕಾಲೆತ್ತರದ ಹಿಮ. ಮಗ ಕೆಲಸಕ್ಕೆ ಹೋಗಬೇಕಲ್ಲ ಎಂದು ಅರುವತ್ತೈದರ ರಾಯರು ತಾವೇ ಸಲಿಕೆ ಹಿಡಿಯುತ್ತಾರೆ. ಅಪಾಯವಿರುವುದು ಅಲ್ಲಿಯೇ. ಆದುದರಿಂದ ಈ ಸಲ ಹಿಮದ ಮಾತನ್ನೇ ಎತ್ತಿಕೊಂಡಿದ್ದೇವೆ. ಮಾತು ಕೊನೆಗೆ ನಮ್ಮ ಮಿಠಿ ನದಿಯ ದಡಕ್ಕೇ ಬಂದು ನಿಲ್ಲುವುದೆಂದು ಈಗಲೇ ತಿಳಿಸಿಬಿಡುತ್ತೇವೆ.

ಹಿಮ ಹತ್ತಿಯಂತೆ ಹಗುರವೆಂಬುದು ಅದನ್ನು ಚಿತ್ರದಲ್ಲಿ ಮಾತ್ರ ಕಂಡವರ ಭಾವನೆ. ಸ್ವಲ್ಪ ಲೆಕ್ಕ ಹಾಕಿ ನೋಡೋಣ. ಮನೆಯಿಂದ ರಸ್ತೆಯವರೆಗೆ ೧೫ ಮೀಟರ್ ಉದ್ದ, ೩ ಮೀಟರ್ ಅಗಲದ ಹಾದಿ. ಅದರ ಮೇಲೆ ಒಂದಡಿ ಹಿಮ. ಒಟ್ಟು ಹದಿಮೂರೂವರೆ ಘನ ಮೀಟರ್ ಆಯಿತು. ಆಗತಾನೆ ಬಿದ್ದ ಒಣ ಹಿಮವನ್ನು ಘನ ಮೀಟರಿಗೆ ೧೦೦ ಕಿಲೋ ಎಂದು ಹಿಡಿದರೂ ೧,೩೫೦ ಕಿಲೋ. ನೀರು ಕುಡಿದ ಒದ್ದೆ ಹಿಮವಾದರೆ ೩೦೦ ಕಿಲೋವಿನಂತೆ ನಾಲ್ಕು ಟನ್ನು! ಚಳಿಗೆ ರಕ್ತನಾಳಗಳು ಮೊದಲೇ ಮುದುಡಿರುತ್ತವೆ. ಅದರ ಮೇಲೆ ಈ ಎತ್ತುವ ಕೆಲಸ. ಸಲಿಕೆ ಹಿಡಿದಲ್ಲೇ ಹೃದಯಾಘಾತವಾಗಿ ಕುಸಿದವರ ಸುದ್ದಿ ಅಲ್ಲಿಯ ಪ್ರತಿ ಚಳಿಗಾಲದಲ್ಲೂ ಕೇಳಿಬರುವುದು ಇದೇ ಕಾರಣದಿಂದ.

ದೊಡ್ಡ ಹಿತ್ತಲುಳ್ಳ ಮನೆಯವರು ಇದಕ್ಕೆ ಕಂಡುಕೊಂಡ ಉಪಾಯವೇ ತೋಟದ ಟ್ರ್ಯಾಕ್ಟರು. ನಮ್ಮ ಊರಿನ ಹೊಲ ಉಳುವ ಟ್ರ್ಯಾಕ್ಟರಿನ ಮರಿಯೆಂದರೆ ಸರಿ. ಇಂಟರ್‌ನ್ಯಾಷನಲ್ ಹಾರ್ವೆಸ್ಟರ್ ಕಂಪನಿಯ ಕಬ್ ಕೆಡೆಟ್ ೧೯೬೧ರಲ್ಲಿಯೂ, ಜಾನ್ ಡಿಯರ್ ಕಂಪನಿಯ ೧೧೦ ಎಂಬ ಮಾದರಿ ೧೯೬೩ರಲ್ಲಿಯೂ ಹೊರಬಂದುವು. ಬೇಸಗೆಯಲ್ಲಿ ಹುಲ್ಲು ಕತ್ತರಿಸುವ ಈ ಬಂಡಿಗೆ ಚಳಿಗಾಲದಲ್ಲಿ ಮುಂದುಗಡೆ ಉಕ್ಕಿನ ಹಲಗೆಯನ್ನಾಗಲಿ, ಹಿಮವನ್ನು ಸುರುಳಿಯಿಂದ ಒಳಗೆಳೆದು ಕೊಳವೆಯಿಂದ ದೂರ ತೂರುವ ಯಂತ್ರವನ್ನಾಗಲಿ ಜೋಡಿಸುತ್ತಾರೆ. ಇಂಥ ತೂರುವ ಯಂತ್ರವನ್ನು ಕೆನಡಾದ ಕ್ವಿಬೆಕ್ ಪ್ರಾಂತದ ಆರ್ತರ್ ಸಿಕಾರ್ ಎಂಬಾತ ೧೯೨೫ರಲ್ಲಿ ಕಟ್ಟಿದ. ಚಕ್ರ ಜಾರದಂತೆ ಅವಕ್ಕೆ ಸರಪಳಿ ಸುತ್ತಬೇಕು. ಹಿಂದುಗಡೆ ಭಾರ ಹೇರಬೇಕು. ಇಲ್ಲವಾದರೆ ಬಂಡಿ ನಿಂತಲ್ಲೇ ಚಕ್ರ ತಿರುಗಿಸುತ್ತದೆ, ಹಿಮ ಅಲ್ಲಾಡುವುದಿಲ್ಲ.

ಬಳಸುವುದರಲ್ಲಿಯೂ ಕ್ರಮವುಂಟು. ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ ತರಬಾರದೆಂಬ ನಮ್ಮ ಗಾದೆ ಇಲ್ಲಿ ಅಕ್ಷರಶಃ ನಿಜ. ಎರಡಡಿ ಬೀಳುವತನಕ ಕಾದಿದ್ದು ಒಮ್ಮೆಗೇ ತಳ್ಳಹೋದರೆ ಸಣ್ಣ ಟ್ರ್ಯಾಕ್ಟರು ಸೋಲುತ್ತದೆ. ನಾಲ್ಕೈದು ಅಂಗುಲ ಬಿದ್ದಾಗಲೆಲ್ಲ ಒಂದು ಸುತ್ತು ಹೋಗಿ ಬಂದರೆ ಗೆಲ್ಲುತ್ತದೆ. ತೂರುವ ಯಂತ್ರದ ಬಾಯಿಗೆ ಹಿಮ ಕಟ್ಟಿಕೊಂಡಾಗ ಎಂಜಿನ್ ನಿಲ್ಲಿಸಿ ಕೋಲಿನಿಂದ ಕೆದಕಬೇಕು. ಎಂಜಿನ್ ನಿಂತ ಮೇಲೂ ಒಳಗಿನ ಸುರುಳಿಯಲ್ಲಿ ಬಿಗಿ ಉಳಿದಿರಬಹುದಾದ್ದರಿಂದ ಕೈಯನ್ನಂತೂ ಒಳಗಿಡಲೇಬಾರದು. ಬೆರಳು ಕಳೆದುಕೊಂಡವರು ಎಷ್ಟೋ ಮಂದಿ. ಚಳಿಯೆಂದು ಗ್ಯಾರೇಜಿನ ಬಾಗಿಲು ಮುಚ್ಚಿ ಎಂಜಿನ್ ಓಡಿಸುವುದೂ ಪ್ರಾಣಕ್ಕೆ ಎರವು. ಅದರ ಹೊಗೆಯಲ್ಲಿನ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ.

ಇಷ್ಟೆಲ್ಲ ಆದ ಮೇಲೂ ಮುಖ್ಯ ಪ್ರಶ್ನೆ ಉಳಿದೇ ಇರುತ್ತದೆ: ತಳ್ಳಿದ ಹಿಮವನ್ನು ಹಾಕುವುದೆಲ್ಲಿ? ಯಂತ್ರ ಹಿಮವನ್ನು ಕರಗಿಸುವುದಿಲ್ಲ, ಇಲ್ಲಿಂದ ಅಲ್ಲಿಗೆ ಸರಿಸುತ್ತದೆ, ಅಷ್ಟೇ. ಕಡತವನ್ನು ಪಕ್ಕದ ಮೇಜಿಗೆ ದಾಟಿಸಿದ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲವೆಂಬುದು ಗುಮಾಸ್ತರಾದ ನಮಗೆ ಬೇರೆ ಯಾರೂ ಹೇಳಿಕೊಡಬೇಕಾಗಿಲ್ಲ. ಅನುಭವಿಗಳು ಮೊದಲ ಹಿಮವನ್ನೇ ಹಾದಿಯಂಚಿನಿಂದ ಸಾಕಷ್ಟು ಆಚೆಗೆ ತಳ್ಳುತ್ತಾರೆ. ಏಕೆಂದರೆ ಡಿಸೆಂಬರಿನಲ್ಲಿ ಅಂಚಿನಲ್ಲೇ ಬಿಟ್ಟ ರಾಶಿ ಕಲ್ಲಿನಂತೆ ಹೆಪ್ಪುಗಟ್ಟಿ, ಫೆಬ್ರವರಿಯ ಹಿಮಕ್ಕೆ ಜಾಗವೇ ಇಲ್ಲದಂತೆ ಮಾಡುತ್ತದೆ. ರಸ್ತೆಗೆ ಮುಖಮಾಡಿ ನಿಂತರೆ ಬಲಗಡೆಗೆ ರಾಶಿ ಹಾಕುತ್ತಾರೆ. ಅಲ್ಲಿ ವಾಹನಗಳು ರಸ್ತೆಯ ಬಲಬದಿಯಲ್ಲಿ ಓಡುವುದರಿಂದ, ಎಡಗಡೆಗೆ ಹಾಕಿದ್ದನ್ನು ನಗರಸಭೆಯ ದೊಡ್ಡ ಗಾಡಿ ಬರುತ್ತ ಮತ್ತೆ ನಮ್ಮ ಬಾಗಿಲಿಗೇ ಎಳೆದು ತರುತ್ತದೆ. ಬೆಂಕಿ ಆರಿಸುವವರ ನೀರಿನ ನಲ್ಲಿಯನ್ನು ಮುಚ್ಚಬಾರದು. ತನ್ನ ಹಿಮವನ್ನು ಸಾರ್ವಜನಿಕ ರಸ್ತೆಗೆ ತಳ್ಳಬಾರದೆಂದು ಅಮೆರಿಕೆಯ ಹಲವು ರಾಜ್ಯಗಳಲ್ಲಿ ಕಾನೂನೇ ಇದೆ.

ಈಗ ಕುರ್ಲಾಕ್ಕೆ ಬರೋಣ. ಏಡಿಗೆ ಇಲ್ಲಿಯವರು ಹೇಳುವ ಕುರ್ಲಿ ಎಂಬ ಮಾತಿನಿಂದ ಈ ಊರಿಗೆ ಹೆಸರು ಬಂತೆನ್ನುತ್ತಾರೆ. ಹಿಂದೆ ಇದು ಅಂಥ ಜವುಗು ನೆಲ. ಆಕಾಶ ನಮಗೆ ಹಿಮ ಕೊಡದಿದ್ದರೂ ನೀರನ್ನು ಧಾರಾಳವಾಗಿ ಕೊಡುತ್ತದೆ. ೨೦೦೫ರ ಜುಲೈ ೨೬ರಿಂದ ೨೪ ಗಂಟೆಗಳಲ್ಲಿ ಸಾಂತಾಕ್ರೂಜ್‌ನಲ್ಲಿ ೯೪೪ ಮಿಲಿಮೀಟರ್ ಮಳೆ ಸುರಿಯಿತು. ಮುಂಬಯಿಯ ಹಳೆಯ ಚರಂಡಿಗಳನ್ನು ಕಟ್ಟಿದ್ದು ಗಂಟೆಗೆ ೨೫ ಮಿಲಿಮೀಟರ್ ಮಳೆಯ ಲೆಕ್ಕದಲ್ಲಿ. ವಿಹಾರ್, ಪವಾಯಿ ಕೆರೆಗಳಿಂದ ಹೊರಟು ಸುಮಾರು ೧೮ ಕಿಲೋಮೀಟರ್ ಹರಿದು ಮಾಹಿಮ್ ಖಾರಿಯನ್ನು ಸೇರುವ ಮಿಠಿ ಅಂದು ಉಕ್ಕಿ ಕುರ್ಲಾದ ಮನೆಗಳನ್ನು ಹೊಕ್ಕಿತು. ನೀರು ಇಳಿದ ಮೇಲೆ ಉಳಿದದ್ದು ಕೆಸರು.

ಅದೇ ವರ್ಷ ಮಿಠಿ ನದಿಗಾಗಿ ಒಂದು ಪ್ರಾಧಿಕಾರ ಏರ್ಪಟ್ಟಿತು. ಪ್ರತಿವರ್ಷ ಮಳೆಗೆ ಮುನ್ನ ಯಂತ್ರಗಳು ನದಿಗಿಳಿದು ಹೂಳೆತ್ತುತ್ತವೆ. ಆದರೆ ಹಿಮಕ್ಕೂ ಹೂಳಿಗೂ ಒಂದು ದೊಡ್ಡ ವ್ಯತ್ಯಾಸವಿದೆ. ಎಲ್ಲಿ ರಾಶಿ ಹಾಕಿದರೂ ವಸಂತ ಬಂದಾಗ ಹಿಮ ಕರಗಿ ಹೋಗುತ್ತದೆ. ಹೂಳು ಕರಗುವುದಿಲ್ಲ. ದಡದ ಮೇಲೆ ಒಣಗಲೆಂದು ಬಿಟ್ಟದ್ದನ್ನು ಸಾಗಿಸದೆ ಮರೆತರೆ ಮೊದಲ ಮಳೆಗೇ ಅದು ಮರಳಿ ನದಿಯ ಹೊಟ್ಟೆಗೆ ಸೇರುತ್ತದೆ. ಎತ್ತಿದ ಖರ್ಚೂ ಅದರೊಡನೆ ನೀರುಪಾಲು. ಮಿಠಿಯ ಹೂಳಿನ ಲೆಕ್ಕದಲ್ಲಿ ವಂಚನೆ ನಡೆದಿದೆ, ಹೂಳು ಸುರಿದ ಜಾಗದ ಕರಾರುಪತ್ರಗಳೇ ಸುಳ್ಳು ಎಂಬ ಆರೋಪದ ಮೇಲೆ ಮುಂಬಯಿ ಪೊಲೀಸರು ೨೦೨೫ರ ಮೇ ತಿಂಗಳಲ್ಲಿ ಮೊಕದ್ದಮೆ ದಾಖಲಿಸಿದರು. ಆರೋಪದ ಸತ್ಯಾಸತ್ಯವನ್ನು ನ್ಯಾಯಾಲಯ ನಿರ್ಣಯಿಸಲಿ. ಅದೇ ವರ್ಷ ಆಗಸ್ಟ್ ೧೯ರಂದು ಮಿಠಿ ಮತ್ತೆ ಏರಿ, ನಮ್ಮ ಕ್ರಾಂತಿನಗರದ ನೂರಾರು ಜನ ಮಕ್ಕಳುಮರಿಗಳೊಂದಿಗೆ ಮನೆ ಬಿಟ್ಟು ಹೊರಡಬೇಕಾಯಿತಲ್ಲ, ಅದಕ್ಕೆ ಮಾತ್ರ ಯಾರ ಸಾಕ್ಷಿಯೂ ಬೇಕಾಗಿಲ್ಲ.

ಆದುದರಿಂದ ನಮ್ಮ ಬಿನ್ನಹ ಎರಡು. ಚಳಿಗಾಲದಲ್ಲಿ ಮಕ್ಕಳ ಮನೆಗೆ ಹೋಗುವ ಹಿರಿಯರು ಸಲಿಕೆಯ ತಂಟೆಗೆ ಹೋಗದೆ, ಕಿಟಕಿಯ ಬಳಿ ಕಾಫಿ ಕುಡಿಯುತ್ತ ಟ್ರ್ಯಾಕ್ಟರಿನ ಓಡಾಟ ನೋಡಲಿ. ಇಲ್ಲಿಯೇ ಇರುವವರು ಏಪ್ರಿಲ್, ಮೇ ತಿಂಗಳುಗಳಲ್ಲಿ ತಮ್ಮ ಚಾಳಿನ ಮುಂದಿನ ಗಟಾರದ ಕಡೆಗೊಮ್ಮೆ ಕಣ್ಣು ಹಾಯಿಸಲಿ. ಹೂಳೆತ್ತಿದರೇ ಎಂದು ಎಲ್ಲರೂ ಕೇಳುತ್ತಾರೆ. ಎತ್ತಿದ್ದು ಎಲ್ಲಿಗೆ ಹೋಯಿತು, ಯಾವ ದಿನ ಹೋಯಿತು ಎಂದೂ ಕೇಳಬೇಕು. ಉತ್ತರ ದೊರೆಯದಿದ್ದರೆ ನಾಲ್ಕು ಮನೆಯವರು ಕೂಡಿ ಮಹಾನಗರಪಾಲಿಕೆಯ ಎಲ್ ವಾರ್ಡ್ ಕಚೇರಿಗೆ ಒಂದು ಅರ್ಜಿ ಬರೆದುಕೊಡಲಿ. ಅರ್ಜಿಯ ಪ್ರತಿಯ ಮೇಲೆ ತಾರೀಕು ಸಹಿತ ಮೊಹರು ಹಾಕಿಸಿಕೊಳ್ಳುವುದನ್ನು ಮರೆಯದಿರಲಿ.