ಗುಳಿಗೆಗೂ ಒಂದಿಷ್ಟು ಕನ್ನಡ ಬರಲಿ

ಡಾಕ್ಟರು ಗ್ಯಾಸಿನ ಮಾತ್ರೆ ಬರೆದು ‘ದಿನಾ ಒಂದು, ಊಟಕ್ಕೆ ಅರ್ಧ ಗಂಟೆ ಮುಂಚೆ’ ಎನ್ನುತ್ತಾರೆ. ಅವರ ಮನಸ್ಸಿನಲ್ಲಿರುವುದು ಬೆಳಗಿನ ಖಾಲಿ ಹೊಟ್ಟೆ. ಮೈಸೂರು ಸೀಮೆಯ ಮನೆಯಲ್ಲಿ ಬೆಳಿಗ್ಗೆ ಆಗುವುದು ತಿಂಡಿ, ಕಲಬುರಗಿ ಕಡೆ ನಾಷ್ಟಾ, ಊಟವೆಂದರೆ ಮಧ್ಯಾಹ್ನದ್ದು. ರೋಗಿ ಹೇಳಿದ ಮಾತನ್ನು ಚಾಚೂ ತಪ್ಪದೆ ಪಾಲಿಸಿ ಒಂದು ಗಂಟೆಗೆ ನುಂಗುತ್ತಾನೆ. ಇಬ್ಬರೂ ಆಡಿದ್ದು ಕನ್ನಡವೇ.

ಚೀಟಿಯಲ್ಲಿ ಬರೆದದ್ದಾದರೋ ಕನ್ನಡವೂ ಅಲ್ಲ, ಇಂಗ್ಲಿಷೂ ಅಲ್ಲ. ಬಿ.ಡಿ., ಟಿ.ಡಿ.ಎಸ್., ಎಚ್.ಎಸ್. ಎಂಬುವೆಲ್ಲ ಲ್ಯಾಟಿನ್ನಿನ ತುಂಡುಗಳು: ದಿನಕ್ಕೆ ಎರಡು ಸಲ, ಮೂರು ಸಲ, ಮಲಗುವ ಹೊತ್ತಿಗೆ. ಎಸ್.ಒ.ಎಸ್. ಎಂದಿದ್ದರೆ ಗಾಬರಿಯಾಗಬೇಕಿಲ್ಲ, ‘ಬೇಕಾದರೆ ಮಾತ್ರ’ ಎಂದಷ್ಟೇ ಅರ್ಥ. ಇದನ್ನೆಲ್ಲ ಮನೆಮಾತಿಗೆ ಇಳಿಸುವವನು ಮೆಡಿಕಲ್ಸ್‌ನ ಹುಡುಗ. ಕಂದು ಕವರಿನ ಮೇಲೆ 1-0-1 ಎಂದು ಗೀಚಿ, ‘ಬೆಳಿಗ್ಗೆ ಒಂದು, ರಾತ್ರಿ ಒಂದು’ ಎನ್ನುತ್ತಾನೆ. ನಾಡಿನ ಅತಿ ದೊಡ್ಡ ಭಾಷಾಂತರ ಕಚೇರಿ ಆ ಗಲ್ಲಾದ ಹಿಂದೆಯೇ ಇದೆ. ಸಂಜೆ ಗಿರಾಕಿಗಳು ಮುತ್ತಿಕೊಂಡಾಗ ಅದಕ್ಕೆ ಸಿಗುವ ಸಮಯ ಮಾತ್ರ ಅರ್ಧ ನಿಮಿಷ.

2024ರಲ್ಲಿ ಕನ್ನಡ ಅಭಿವೃದ್ಧಿ ಪ್ರಾಧಿಕಾರದ ಅಧ್ಯಕ್ಷ ಪುರುಷೋತ್ತಮ ಬಿಳಿಮಲೆ ಅವರು, ಸರ್ಕಾರಿ ವೈದ್ಯರು ಚೀಟಿಯನ್ನು ಕನ್ನಡದಲ್ಲಿ ಬರೆಯಲಿ ಎಂದು ಆರೋಗ್ಯ ಸಚಿವರಿಗೆ ಪತ್ರ ಬರೆದಿದ್ದರು. ಇಂಥ ಮಾತು ಬಂದಾಗಲೆಲ್ಲ ವಾದ ಔಷಧದ ಹೆಸರಿಗೆ ಬಂದು ಸಿಕ್ಕಿಕೊಳ್ಳುತ್ತದೆ. ಪ್ಯಾರಾಸಿಟಮಾಲ್‌ಗೆ ಸಂಸ್ಕೃತದ ಬಾಲ ಕಟ್ಟುವುದು ಯಾರಿಗೂ ಬೇಕಿಲ್ಲ. ಡೋಲೋ ಈಗ ಹಳ್ಳಿಯ ಅಜ್ಜಿಯ ಬಾಯಲ್ಲೂ ಸಲೀಸು. ತೊಂದರೆಯಿರುವುದು ಡೋಲೋ ಬೇರೆ, ಕ್ರೋಸಿನ್ ಬೇರೆ ಎಂದು ನಂಬಿ ಎರಡನ್ನೂ ನುಂಗುವುದರಲ್ಲಿ. ಒಳಗಿರುವ ಮದ್ದು ಒಂದೇ, ಪ್ಯಾರಾಸಿಟಮಾಲ್. 650 ಮಿಲಿಗ್ರಾಂನ ಆರು ಮಾತ್ರೆಗೆ 3,900 ಆಯಿತು. ದೊಡ್ಡವರಿಗೆ ದಿನದ ಗಡಿ 4,000. ಮೀರಿದರೆ ಪೆಟ್ಟು ಬೀಳುವುದು ಲಿವರ್‌ಗೆ. ಬ್ರ್ಯಾಂಡಿಗಿಂತ ಮೂಲ ಔಷಧದ ಹೆಸರು ಎರಡು ಅಳತೆ ದೊಡ್ಡ ಅಕ್ಷರದಲ್ಲಿರಬೇಕೆಂಬ ನಿಯಮ 2018ರಲ್ಲಿ ಜಾರಿಗೆ ಬಂತು. ಒಳ್ಳೆಯ ನಿಯಮವೇ. ಆದರೆ ಇಂಗ್ಲಿಷ್ ಅಕ್ಷರವೇ ಬಾರದವರಿಗೆ ಅದು ದೊಡ್ಡದಾದರೇನು, ಚಿಕ್ಕದಾದರೇನು?

ಹೆಸರು ಎಲ್ಲಿಯದಾದರೂ ಇರಲಿ, ಕನ್ನಡ ಲಿಪಿಯಲ್ಲಿದ್ದರೆ ಸಾಕು. ಹೇಗೆ, ಯಾವಾಗ, ಯಾವುದರ ಜೊತೆ ಎಂಬುದು ಮಾತ್ರ ಕನ್ನಡದ್ದೇ ಆಗಬೇಕು. ಅದಕ್ಕೆ ಹೊಸ ಪದ ಟಂಕಿಸುವ ಸಮಿತಿಯೇನೂ ಬೇಡ. ಮಾತ್ರೆ ಎಂದರೆ ಮೊದಲು ಅಳತೆ. ಲಘುವಿಗೆ ಒಂದು, ಗುರುವಿಗೆ ಎರಡು ಎಂದು ಛಂದಸ್ಸಿನ ಪಾಠದಲ್ಲಿ ಎಣಿಸಿದ ಪದವೇ ಅಂಗಡಿಯಲ್ಲಿ ಗುಳಿಗೆಯಾಗಿದೆ. ಬಾಣಂತಿ ಮನೆಯಲ್ಲಿ ಅಜ್ಜಿ ಬಜೆ, ಜಾಯಿಕಾಯಿಯನ್ನು ಕಲ್ಲಿನ ಮೇಲೆ ತೇಯುವಾಗ ಲೆಕ್ಕ ಇಡುವುದು ಸುತ್ತಿನಲ್ಲಿ: ಇದು ಒಂದು ಸುತ್ತು, ಅದು ಎರಡು. ಕುಡಿಸಲು ಒಳಲೆ ಇತ್ತು. ಆ ಒಳಲೆ ಅಟ್ಟ ಸೇರಿದ ಮೇಲೆ ಮಗುವಿನ ಸಿರಪ್ಪನ್ನು ಅಡುಗೆಮನೆಯಲ್ಲಿ ಕೈಗೆ ಸಿಕ್ಕ ಚಮಚದಲ್ಲಿ ಅಳೆಯುತ್ತಾರೆ. ಬಾಟಲಿಯ ಜೊತೆ ಬಂದ ಗೆರೆಯಿರುವ ಮುಚ್ಚಳ ಮೂಲೆಯಲ್ಲಿ ಬಿದ್ದಿರುತ್ತದೆ.

ಎಲ್ಲಕ್ಕಿಂತ ಕೈಬಿಡಬಾರದಿದ್ದ ಪದವೆಂದರೆ ಪಥ್ಯ. ನಾಟಿ ಮದ್ದಿಗೆ ಪಥ್ಯ ಉಂಟು, ಇಂಗ್ಲಿಷ್ ಔಷಧಿಗೆ ಇಲ್ಲ ಎಂಬ ನಂಬಿಕೆ ಗಟ್ಟಿಯಾಗಿ ಕೂತಿದೆ. ಇದು ಶುದ್ಧ ತಪ್ಪು. ಕಬ್ಬಿಣಾಂಶದ ಮಾತ್ರೆಯನ್ನು ಕಾಫಿ, ಟೀ ಜೊತೆ ನುಂಗಿದರೆ ಮೈಗೆ ಹತ್ತುವುದು ಕಡಿಮೆ. ಟೆಟ್ರಾಸೈಕ್ಲಿನ್‌ಗೂ ಹಾಲಿಗೂ ಆಗಿಬರುವುದಿಲ್ಲ. ಥೈರಾಯ್ಡ್ ಮಾತ್ರೆಗೆ ಖಾಲಿ ಹೊಟ್ಟೆ, ಬರೀ ನೀರು. ಆಯುರ್ವೇದದ ಪಂಡಿತರು ಜೇನೋ ತುಪ್ಪವೋ ಬಿಸಿನೀರೋ ಎಂದು ಅನುಪಾನ ಹೇಳದೆ ಪುಡಿಯ ಪೊಟ್ಟಣ ಕೊಡುತ್ತಿರಲಿಲ್ಲ. ‘ಇದಕ್ಕೆ ಕಾಫಿ ಪಥ್ಯ’ ಎಂದು ಡಾಕ್ಟರು ಒಂದು ಮಾತು ಹೇಳಿದರೆ ಯಾವ ಮನೆಯೊಡತಿಗೂ ವಿವರಣೆ ಬೇಕಾಗುವುದಿಲ್ಲ.

ಮದ್ದಿಗೆ ಇನ್ನೊಂದು ಮುಖವೂ ಇದೆ. ಮದ್ದು ಗುಣಪಡಿಸುತ್ತದೆ, ಯಾರೋ ‘ಮದ್ದು ಹಾಕಿದ್ದಾರೆ’ ಎಂದರೆ ಅದೇ ವಿಷ, ಬಂದೂಕಿಗೆ ತುಂಬಿದರೆ ಸಿಡಿಯುತ್ತದೆ. ವಿಷವನ್ನೂ ಅದರ ಚಿಕಿತ್ಸೆಯನ್ನೂ ಕುರಿತು ಮಂಗರಾಜ 14ನೇ ಶತಮಾನದಲ್ಲೇ ‘ಖಗೇಂದ್ರಮಣಿದರ್ಪಣ’ವೆಂಬ ಕನ್ನಡ ಗ್ರಂಥ ಬರೆದ. ಇಂದು ಔಷಧಿ ಎಂಬ ಪದಕ್ಕೂ ಮದ್ದಿನದೇ ಗತಿ. ರೈತ ಬೆಳೆಗೆ ಹೊಡೆಯುವುದು ಔಷಧಿ, ಜ್ವರಕ್ಕೆ ಕುಡಿಯುವುದೂ ಔಷಧಿ. ಒಂದೇ ಗೂಡಿನಲ್ಲಿ ಎರಡೂ ಬಾಟಲಿಗಳಿರುವ ಮನೆಯಲ್ಲಿ ಈ ಒಂದೇ ಹೆಸರು ಸಣ್ಣ ವಿಷಯವಲ್ಲ.

ವಿಚಿತ್ರವೆಂದರೆ, ಈ ಎರಡರಲ್ಲಿ ಕನ್ನಡಕ್ಕೆ ಮರ್ಯಾದೆ ಸಿಕ್ಕಿರುವುದು ಬೆಳೆಯ ಔಷಧಿಯಲ್ಲಿ. 1971ರ ಕೀಟನಾಶಕ ನಿಯಮಗಳ ಪ್ರಕಾರ, ಬಾಟಲಿಯ ಜೊತೆ ಬರುವ ಕಾಗದ ಹಿಂದಿ, ಇಂಗ್ಲಿಷ್ ಅಲ್ಲದೆ ಮಾರಾಟವಾಗುವ ಸೀಮೆಯ ಭಾಷೆಯಲ್ಲೂ ಇರಬೇಕು. ಮನುಷ್ಯರ ಮಾತ್ರೆಗೆ ಅಂಥ ಕಡ್ಡಾಯವಿಲ್ಲ. ಕೇಂದ್ರದ ನಿಯಮ ಬದಲಾಗುವವರೆಗೆ ಕಾಯಬೇಕಿಲ್ಲ. ಸರ್ಕಾರಿ ಆಸ್ಪತ್ರೆಗಳ ಔಷಧ ಕವರಿನ ಮೇಲೆ ‘ತಿಂಡಿಗೆ ಮುಂಚೆ’, ‘ರಾತ್ರಿ ಊಟ ಆದಮೇಲೆ’, ‘ಹಾಲು–ಕಾಫಿ ಪಥ್ಯ’ ಎಂಬ ನಾಲ್ಕೈದು ಸಾಲು ಅಚ್ಚುಹಾಕಿಸಿ, ಪಕ್ಕದಲ್ಲಿ ಗುರುತು ಹಾಕಲು ಜಾಗ ಬಿಡುವುದಕ್ಕೆ ಯಾರ ಅಪ್ಪಣೆಯೂ ಬೇಡ.

ಸದ್ಯಕ್ಕಂತೂ, ಹತ್ತರ ಪಟ್ಟಿಯಲ್ಲಿ ಮೂರು ಮಾತ್ರೆ ಬೇಕೆಂದವನಿಗೆ ಅಂಗಡಿಯ ಹುಡುಗ ಕತ್ತರಿಯಲ್ಲಿ ಕತ್ತರಿಸಿ ಕೊಡುತ್ತಾನೆ. ಅವಧಿ ಮುಗಿಯುವ ತಾರೀಖು ಎಷ್ಟೋ ಸಲ ಅಂಗಡಿಯಲ್ಲೇ ಉಳಿದ ತುಂಡಿನ ಮೇಲಿರುತ್ತದೆ. ರೋಗಿ ಮನೆಗೆ ಒಯ್ಯುವುದು ಅರ್ಧ ಹೆಸರು, ಒಂದು ಕಂದು ಕವರು, ಅದರ ಮೇಲೆ 1-0-1.