ಸೇನಾಪತಿಯೂ ನ್ಯಾಯಾಸನವೂ

ರಣಕೀರ್ತಿಯೂ ಪ್ರಜೆಗಳ ಮತವೂ ಒಬ್ಬನ ಹಿಂದಿನ ಕೃತ್ಯವನ್ನು ಅಳಿಸಬಲ್ಲವೇ? ಜರ್ಮನಿಯ ಸೇನಾಪತಿ ಹಾಸೋ ಫಾನ್ ಮಾಂಟಾಯ್ಫೆಲನ ಚರಿತ್ರೆಯು ಈ ಪ್ರಶ್ನೆಯನ್ನು ನಮ್ಮ ಮುಂದಿಡುತ್ತದೆ. 1897ರಲ್ಲಿ ಪಾಟ್ಸ್‌ಡಾಮಿನಲ್ಲಿ ಜನಿಸಿದ ಈತನು 1944ರ ಡಿಸೆಂಬರಿನಲ್ಲಿ ಆರ್ಡೆನ್ಸ್ ಪ್ರದೇಶದ ಆಕ್ರಮಣದಲ್ಲಿ ಐದನೆಯ ಟ್ಯಾಂಕ್ ಸೇನೆಯನ್ನು ನಡೆಸಿದನು. ಆ ಕೌಶಲವನ್ನು ಶತ್ರುಗಳೂ ಮೆಚ್ಚಿದರು. ಯುದ್ಧಾನಂತರ ಸೆರೆವಾಸ ಮುಗಿಸಿ, ಫ್ರೀ ಡೆಮೊಕ್ರಾಟಿಕ್ ಪಕ್ಷದಿಂದ ಚುನಾಯಿತನಾಗಿ, 1953ರಿಂದ 1957ರ ವರೆಗೆ ಪಶ್ಚಿಮ ಜರ್ಮನಿಯ ಪಾರ್ಲಿಮೆಂಟಿನ ಸದಸ್ಯನಾಗಿದ್ದನು.

ಆದರೆ 1944ರಲ್ಲಿ ಹತ್ತೊಂಬತ್ತು ವರ್ಷದ ಸೈನಿಕನೊಬ್ಬನು ಈತನ ಆಜ್ಞೆಯಿಂದ ಗುಂಡಿಗೆ ಬಲಿಯಾಗಿದ್ದನು. 1959ರಲ್ಲಿ ಡ್ಯೂಸೆಲ್‌ಡಾರ್ಫಿನ ನ್ಯಾಯಾಲಯವು ಇದಕ್ಕಾಗಿ ಹದಿನೆಂಟು ತಿಂಗಳ ಶಿಕ್ಷೆ ವಿಧಿಸಿತು. ಯುದ್ಧಕಾಲದ ಶಿಸ್ತಿಗೆ ಕಾಠಿಣ್ಯವು ಅನಿವಾರ್ಯವೆಂದು ವಾದಿಸುವವರುಂಟು. ಆ ವಾದವು ಇಲ್ಲಿ ನಿಲ್ಲದು. ಏಕೆಂದರೆ ಯುದ್ಧದ ಕಷ್ಟವನ್ನು ಬಲ್ಲ ಸೈನಿಕ ನ್ಯಾಯಸಭೆಯೇ ಆ ತರುಣನಿಗೆ ಸೆರೆವಾಸ ಸಾಕೆಂದಿತ್ತು. ಸೇನಾಪತಿಯು ಅದನ್ನು ಮೀರಿದನು.

ಶಿಕ್ಷೆಯು ಲಘುವಾಗಿತ್ತು, ಅದೂ ಪೂರ್ಣವಾಗಲಿಲ್ಲ, ಕೆಲವೇ ತಿಂಗಳಲ್ಲಿ ಬಿಡುಗಡೆಯಾಯಿತು. ಇದು ನಮಗೆ ಸಮಾಧಾನಕರವಲ್ಲ. ಆದರೂ ತೀರ್ಪು ವ್ಯರ್ಥವಲ್ಲವೆಂದೇ ನಾವು ಎಣಿಸುತ್ತೇವೆ. ಪ್ರಜೆಗಳ ಮತವು ಅಧಿಕಾರವನ್ನು ಕೊಡಬಲ್ಲದು, ದೋಷವಿಮುಕ್ತಿಯನ್ನಲ್ಲ. ಹದಿನೈದು ವರ್ಷಗಳ ತರುವಾಯವಾದರೂ ಒಬ್ಬ ಸಾಮಾನ್ಯ ಸೈನಿಕನ ಪ್ರಾಣಕ್ಕೆ ಸೇನಾಪತಿಯಿಂದ ಲೆಕ್ಕ ಕೇಳಿದ ರಾಜ್ಯವೇ ಪ್ರಜಾರಾಜ್ಯವೆಂಬ ಹೆಸರಿಗೆ ತಕ್ಕುದು.